ದುರ್ಗದ ಬಿಸಿಲಿಗಲ್ಲ, ಧೂಳಿಗೆ ಹೆದರು

ದಾವಣಗೆರೆ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಕಾರಿಗೆ ಯಾವ ಆಯಿಲ್ ಹಾಕಿಸಲಿ ಅಂತ ಕೇಳಿದ್ದೀಯ. ಗ್ಯಾರೇಜಿನವನು "ಮೇಡಂ, ದುರ್ಗದ ಬಿಸಿಲಿಗೆ ಈ ನೀರಿನಂಥ ಆಯಿಲ್ ತಡೆಯಲ್ಲ, ಮಂದವಾದ 20ಡಬ್ಲ್ಯು-50 ಹಾಕ್ಸಿಬಿಡಿ" ಅಂದನಂತೆ. ಹಾಕಿಸಬೇಡ. ಅವನು ಮೋಸ ಮಾಡುತ್ತಿಲ್ಲ, ಅಂಬಾಸಿಡರ್ ಕಾಲದ ಲೆಕ್ಕ ಹೇಳುತ್ತಿದ್ದಾನೆ ಅಷ್ಟೆ.

ಹೊರಗೆ 25 ಡಿಗ್ರಿ ಇರಲಿ, 40 ಇರಲಿ, ಬಿಸಿಯಾದ ಇಂಜಿನ್ನಿನೊಳಗೆ ಆಯಿಲ್ ಓಡಾಡುವುದು ಹೆಚ್ಚುಕಡಿಮೆ 90ರಿಂದ 110 ಡಿಗ್ರಿಯಲ್ಲಿ. ಅದನ್ನು ಅಲ್ಲೇ ಹಿಡಿದಿಡಲೆಂದೇ ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಇರುವುದು. ಕೂಲೆಂಟ್ ಸರಿಯಿದ್ದರೆ ಏಪ್ರಿಲ್ ಬಿಸಿಲಿನಿಂದ ಆಯಿಲ್‌ಗೆ ದೊಡ್ಡ ವ್ಯತ್ಯಾಸವಿಲ್ಲ. ಡಬ್ಬದ ಮೇಲೆ 0ಡಬ್ಲ್ಯು-20 ಅಂತಿದ್ದರೆ, ಡಬ್ಲ್ಯು ಅಕ್ಷರಕ್ಕಿಂತ ಮೊದಲು ಬರುವ ಅಂಕಿ ಆಯಿಲ್ ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಆಮೇಲಿನದು 100 ಡಿಗ್ರಿಯಲ್ಲಿ ಎಷ್ಟು ಮಂದ ಇರುತ್ತದೆ ಎನ್ನುವುದಕ್ಕೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಸೊನ್ನೆ ಯಾಕೆ ಅಂತ ಕೇಳುವವರಿದ್ದಾರೆ. 100 ಡಿಗ್ರಿಯಲ್ಲಿ ಕೆಲಸ ಮಾಡುವ ಆಯಿಲ್‌ಗೆ ಬೆಳಗಿನ ಜಾವದ 20 ಡಿಗ್ರಿಯೂ ಚಳಿಯೇ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಅದು ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ವರೆಗೆ ಏರುವಷ್ಟರಲ್ಲಿ ಆಗುವ ಸವೆತ ಹೈವೇಯಲ್ಲಿ ಆಗುವುದಿಲ್ಲ. 20ಡಬ್ಲ್ಯು-50 ಆ ಹೊತ್ತಿನಲ್ಲಿ 0ಡಬ್ಲ್ಯು-20ಗಿಂತ ಮೂರು ಪಟ್ಟಿಗೂ ಹೆಚ್ಚು ಮಂದ. ಈಗಿನ ಇಂಜಿನ್ನುಗಳ ಬೇರಿಂಗ್ ಸಂದುಗಳು ಸಣ್ಣವು, ವಾಲ್ವ್ ಟೈಮಿಂಗ್ ಬದಲಿಸುವ ವಿವಿಟಿ ಆಯಿಲ್ ಒತ್ತಡದ ಮೇಲೇ ನಡೆಯುತ್ತದೆ. ಮಂದ ಆಯಿಲ್ ಹಾಕಿದರೆ ಅದು ತಡವಾಗಿ ಸ್ಪಂದಿಸುತ್ತದೆ, ಮೈಲೇಜೂ ಇಳಿಯುತ್ತದೆ.

ಗ್ಲೋವ್ ಬಾಕ್ಸಿನಲ್ಲಿರುವ ಓನರ್ಸ್ ಮ್ಯಾನ್ಯುಯಲ್ ತೆಗೆದು ನೋಡು. ಅದರಲ್ಲಿ ಬರೆದ ಗ್ರೇಡ್ ಹಾಕಿಸು, ಅಲ್ಲಿಗೆ ಆ ಮಾತು ಮುಗಿಯಿತು. ಎರಡು ಗ್ರೇಡ್ ಕೊಟ್ಟಿದ್ದರೆ, ಉದಾಹರಣೆಗೆ 0ಡಬ್ಲ್ಯು-20 ಮತ್ತು 5ಡಬ್ಲ್ಯು-30, ಹೊಸ ಇಂಜಿನ್ನಿಗೆ ಮೊದಲನೆಯದು. ಲಕ್ಷ ಕಿಲೋಮೀಟರ್ ದಾಟಿ, ಸರ್ವಿಸ್‌ಗಳ ನಡುವೆ ಗಾಡಿ ಆಯಿಲ್ ತಿನ್ನಲು ಶುರು ಮಾಡಿದರೆ ಎರಡನೆಯದಕ್ಕೆ ಹೋಗಬಹುದು. ಮ್ಯಾನ್ಯುಯಲ್ಲಿನ ಪಟ್ಟಿಯ ಆಚೆ ಮಾತ್ರ ಹೋಗಬೇಡ.

ಗ್ರೇಡಿನ ಜೊತೆಗೆ ಎಪಿಐ ದರ್ಜೆಯನ್ನೂ ನೋಡು, ಅದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು. ಪೆಟ್ರೋಲ್ ಗಾಡಿಗೆ ಎಸ್ ಅಕ್ಷರದಿಂದ ಶುರುವಾಗುವವು: 2010ರಲ್ಲಿ ಎಸ್‌ಎನ್ ಬಂತು, 2020ರಲ್ಲಿ ಎಸ್‌ಪಿ. ಮ್ಯಾನ್ಯುಯಲ್ ಎಸ್‌ಎನ್ ಕೇಳಿದರೂ ಎಸ್‌ಪಿ ಧಾರಾಳವಾಗಿ ಹಾಕಬಹುದು, ಟೈಮಿಂಗ್ ಚೈನಿನ ಸವೆತಕ್ಕೆ ಅದರಲ್ಲಿ ಹೆಚ್ಚಿನ ರಕ್ಷಣೆ ಇದೆ. ಸಿಂಥೆಟಿಕ್ಕೋ ಮಿನರಲ್ಲೋ ಎನ್ನುವ ಚರ್ಚೆ ನಿನಗೆ ಬೇಡ. 0ಡಬ್ಲ್ಯು-20 ಸಾಮಾನ್ಯವಾಗಿ ಸಿಂಥೆಟಿಕ್‌ನಲ್ಲೇ ಬರುತ್ತದೆ. ಕಂಪನಿ ಯಾವುದು ಎನ್ನುವುದಕ್ಕೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಸರ್ವೋ ಆಗಲಿ, ಕ್ಯಾಸ್ಟ್ರಾಲ್ ಆಗಲಿ, ಶೆಲ್ ಆಗಲಿ, ಗ್ರೇಡೂ ದರ್ಜೆಯೂ ಒಂದೇ ಇದ್ದರೆ ನಿನ್ನ ಓಡಾಟಕ್ಕೆ ಎಲ್ಲವೂ ಸಾಕು. ಆಯಿಲ್ ಜೊತೆ ಬೆರೆಸುವ ಚಿಕ್ಕ ಬಾಟಲಿಗಳನ್ನು ತೋರಿಸಿದರೆ ಬೇಡ ಅನ್ನು.

ಉಳಿದ ದುಡ್ಡನ್ನೂ ಗಮನವನ್ನೂ ಏರ್ ಫಿಲ್ಟರಿಗೆ ಹಾಕು. ನೀನು ದಿನಾ ದುರ್ಗದಿಂದ ಹೊಳಲ್ಕೆರೆಗೆ ಹೋಗಿ ಬರುವವಳು. ಭೀಮಸಮುದ್ರದ ಕಡೆಯ ಅದಿರು ಲಾರಿಗಳು, ಜಲ್ಲಿ ಕ್ರಷರ್, ಸುಗ್ಗಿಯಲ್ಲಿ ರಸ್ತೆ ಮೇಲೇ ಹರವಿದ ರಾಗಿ, ಮೆಕ್ಕೆಜೋಳ. ಈ ಧೂಳಿನಲ್ಲಿರುವ ಮರಳಿನ ಕಣ ಕಬ್ಬಿಣವನ್ನೂ ಉಜ್ಜುವಷ್ಟು ಗಡಸು. ಫಿಲ್ಟರ್ ತಪ್ಪಿಸಿಕೊಂಡು ಒಳಗೆ ಹೋದರೆ ಪಿಸ್ಟನ್ ರಿಂಗನ್ನೂ ಪಿಸ್ಟನ್ ಓಡಾಡುವ ಸಿಲಿಂಡರಿನ ಬೋರನ್ನೂ ಸವೆಸುತ್ತದೆ. ಆಮೇಲೆ ಗಾಡಿ ಆಯಿಲ್ ತಿನ್ನುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ, ಕೊನೆಗೆ ಇಂಜಿನ್ ಬಿಚ್ಚುವ ಕೆಲಸ. ಎಂಥ ದುಬಾರಿ ಆಯಿಲ್ ಹಾಕಿದ್ದರೂ ಇದನ್ನು ತಡೆಯಲಾರದು.

ಸಾಮಾನ್ಯ ರಸ್ತೆಗೆ ಕಂಪನಿಯವರು 40,000 ಕಿಲೋಮೀಟರ್ ಅಂತ ಬರೆದಿದ್ದರೂ, ಧೂಳಿನ ರಸ್ತೆಗೆ ಬೇರೆ ಸಾಲು ಇರುತ್ತದೆ, ನಿನ್ನದು ಆ ಸಾಲು. 5,000ಕ್ಕೊಮ್ಮೆ ತೆಗೆದು ನೋಡು, 15,000ರಿಂದ 20,000ದೊಳಗೆ ಹೊಸದು ಹಾಕು. ವಾರವಾರ ತೆಗೆಯುವ ಚಟ ಬೇಡ. ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿಯೇ ಸೋಸುತ್ತದೆ, ಪ್ರತಿ ಸಲ ತೆಗೆದು ಹಾಕುವಾಗ ರಬ್ಬರ್ ಅಂಚು ಜರುಗುವ ಅಪಾಯವೇ ಹೆಚ್ಚು. ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹತ್ತಿರ ಹಿಡಿದು ಊದಿಸಬೇಡ. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ನೀರಿನಲ್ಲಿ ತೊಳೆಯುವ ಮಾತಂತೂ ಇಲ್ಲವೇ ಇಲ್ಲ. ಸೂರ್ಯನಿಗೆ ಹಿಡಿದರೆ ಮಡಿಕೆಗಳ ನಡುವೆ ಬೆಳಕು ಬರದಿದ್ದರೆ ಬದಲಿಸು. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿದರೆ ಪಿಕಪ್ ಬರುತ್ತದೆ ಎನ್ನುವ ಹುಡುಗರಿದ್ದಾರೆ. ಎಣ್ಣೆ ಹೆಚ್ಚಾದರೆ ಅದು ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ, ನಿನ್ನ ಗಾಡಿಗೆ ಬೇಡ.

ಹೊಸದು ಹಾಕುವಾಗ ಫಿಲ್ಟರ್ ಕೂರುವ ಡಬ್ಬಿಯ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ರಬ್ಬರ್ ಅಂಚು ಸುತ್ತಲೂ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯಾ ಬೆರಳಾಡಿಸಿ ನೋಡಿ, ಎಲ್ಲ ಕ್ಲಿಪ್ಪುಗಳನ್ನೂ ಹಾಕಬೇಕು. ಒಂದು ಕ್ಲಿಪ್ ಬಿಟ್ಟುಹೋದರೂ ಸೋಸದ ಗಾಳಿ ಸಂದಿನಿಂದ ನುಗ್ಗುತ್ತದೆ. ಪರೀಕ್ಷೆ ಸುಲಭ: ಮುಂದಿನ ಸಲ ಬಿಚ್ಚಿದಾಗ ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸು. ಕೆಂಪು ಧೂಳು ಹತ್ತಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಹೊಸ ಫಿಲ್ಟರ್ ಹಾಕಿ ಸುಮ್ಮನಾಗಬೇಡ, ಜಾಗ ಹುಡುಕಿಸು.

ಇನ್ನು ಆಯಿಲ್ ಫಿಲ್ಟರ್. ಪ್ರತಿ ಸಲ ಆಯಿಲ್ ಜೊತೆಯಲ್ಲೇ ಬದಲಿಸು, "ಒಂದು ಸಲ ಬಿಟ್ಟು ಒಂದು ಸಲ" ಎನ್ನುವ ಉಳಿತಾಯ ಬೇಡ. ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲನ್ನೇ ಇಂಜಿನ್ನಿಗೆ ಬಿಡುತ್ತದೆ, ಯಾವ ಲೈಟೂ ಹತ್ತುವುದಿಲ್ಲ. ಕಂಪನಿಯದ್ದೇ ಬಿಡಿಭಾಗ ತಗೋ, ಇಲ್ಲವೇ ಬಾಷ್, ಪ್ಯೂರೊಲೇಟರ್ ತರಹದ್ದು. ಅಗ್ಗದ ಫಿಲ್ಟರುಗಳಲ್ಲಿ ಮೊದಲು ಕೈಕೊಡುವುದು ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟಕಟಕ ಸದ್ದು ಬಂದು ನಿಂತರೆ ಮೊದಲು ಅದರ ಮೇಲೆ ಅನುಮಾನಪಡು.

ಕೆಲಸ ಮಾಡಿಸುವಾಗ ಎದುರಿಗೆ ನಿಂತು ನೋಡು, ನಾಚಿಕೆ ಬೇಡ. ಗಾಡಿ ಸಮ ನೆಲದಲ್ಲಿರಬೇಕು. ಐದು ನಿಮಿಷ ಇಂಜಿನ್ ಓಡಿಸಿ ಬೆಚ್ಚಗಾದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ, ಕಾಲು ಗಂಟೆ ಸೋರಲು ಬಿಡಬೇಕು. ಬೋಲ್ಟಿನ ವಾಷರ್ ಹೊಸದೇ ಆಗಬೇಕು. ಹಳೆಯದನ್ನೇ ಹಾಕಿ, ಸೋರುತ್ತದೆ ಅಂತ ಉದ್ದ ಪಾನಾ ಹಾಕಿ ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತು ಬರುತ್ತದೆ. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿಲ್ಲವಲ್ಲ ಅಂತ ನೋಡಿಸು. ಅದರ ಮೇಲೆ ಹೊಸದು ಕೂತರೆ ದಾರಿಯಲ್ಲಿ ಆಯಿಲ್ಲೆಲ್ಲ ಚೆಲ್ಲಿಹೋಗುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿದರೆ ಸಾಕು.

ಚಿಕ್ಕ ಪೆಟ್ರೋಲ್ ಕಾರುಗಳು ಫಿಲ್ಟರ್ ಸೇರಿ ಸಾಮಾನ್ಯವಾಗಿ 3ರಿಂದ 3.6 ಲೀಟರ್ ಹಿಡಿಯುತ್ತವೆ, ನಿನ್ನದರ ಅಳತೆ ಮ್ಯಾನ್ಯುಯಲ್ಲಿನಲ್ಲಿದೆ. ಅರ್ಧ ಲೀಟರ್ ಕಡಿಮೆ ಸುರಿದು, ಒಂದು ನಿಮಿಷ ಓಡಿಸಿ, ನಿಲ್ಲಿಸಿ ಐದು ನಿಮಿಷ ಬಿಟ್ಟು ಆಯಿಲ್ ಅಳೆಯುವ ಕಡ್ಡಿ ನೋಡಿ, ಆಮೇಲೆ ಮೇಲಿನ ಗುರುತಿನವರೆಗೆ ತುಂಬಿಸಲಿ. "ಇರಲಿ ಬಿಡಿ" ಅಂತ ಡಬ್ಬ ಪೂರ್ತಿ ಬಗ್ಗಿಸಲು ಬಿಡಬೇಡ. ಗುರುತು ಮೀರಿದರೆ ಚೇಂಬರಿನ ಮೇಲೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಯಿಂದ ಒತ್ತಡ ಬರುವುದಿಲ್ಲ, ಸೀಲುಗಳೂ ಸೋರುತ್ತವೆ. ಮುಂದಿನದು 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಅದು. ನಡುವೆ ತಿಂಗಳಿಗೊಮ್ಮೆ ಕಡ್ಡಿ ನೋಡು.

ಎಸಿ ಫಿಲ್ಟರ್ ಬಹಳ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ನೀನೇ ಬದಲಿಸಬಹುದು. ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ.

ಜಗಳೂರಿನಲ್ಲಿರುವ ನಿಮ್ಮಪ್ಪನ ಡೀಸೆಲ್ ಗಾಡಿಯ ಲೆಕ್ಕವೇ ಬೇರೆ, ಅವನಿಗೂ ಓದಿ ಹೇಳು. ಅದು ಬಿಎಸ್6 ಹೊಗೆ ನಿಯಮದ ಗಾಡಿ, ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತದೆ, ಆದರೆ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಮ್ಯಾನ್ಯುಯಲ್ ಯುರೋಪಿನ ಕಾರು ಕಂಪನಿಗಳ ದರ್ಜೆಯಾದ ಎಸಿಇಎ ಸಿ2 ಅಥವಾ ಸಿ3 ಅಂತ ಹೇಳಿದ್ದರೆ ಡಬ್ಬದ ಮೇಲೂ ಅದೇ ಇರಲಿ. ಟ್ರ್ಯಾಕ್ಟರಿಗೆ ತಂದ ಆಯಿಲ್ ಮನೆಯಲ್ಲಿದೆ ಅಂತ ಇದಕ್ಕೆ ಸುರಿಯಬಾರದು. ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಚೇಂಬರಿಗೆ ಇಳಿಯುತ್ತದೆ. ಕಡ್ಡಿಯಲ್ಲಿ ಆಯಿಲ್ ಏರಿದಂತೆ ಕಂಡರೆ ಖುಷಿಪಡುವಂಥದ್ದಲ್ಲ, ಅದು ಡೀಸೆಲ್ ಬೆರೆತ ಆಯಿಲ್, ತಕ್ಷಣ ಬದಲಿಸಬೇಕು. ಡೀಸೆಲ್ ಇಂಜಿನ್ನಿನ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುವುದು ಮಾತ್ರ ಸಹಜ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಪ್ರತಿ ಸರ್ವಿಸ್‌ನಲ್ಲೂ ಇಳಿಸಲಿ, ಇಲ್ಲದಿದ್ದರೆ ಇಂಜೆಕ್ಟರ್ ಹಾಳು.

ಡಬ್ಬವನ್ನು ಅಧಿಕೃತ ಡೀಲರ್ ಹತ್ತಿರವೋ ಪೆಟ್ರೋಲ್ ಬಂಕಿನಲ್ಲೋ ಬಿಲ್ ಸಮೇತ ತಗೋ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡು. ಖಾಲಿ ಡಬ್ಬಗಳನ್ನು ಮತ್ತೆ ತುಂಬಿ ಮಾರುವವರಿದ್ದಾರೆ, ಹಾಗಾಗಿ ನಿನ್ನ ಡಬ್ಬ ಖಾಲಿಯಾದ ಮೇಲೆ ತೂತು ಮಾಡಿ ಎಸೆ. ಹಳೆ ಆಯಿಲನ್ನು ಸೆಂಟ್ರಿಂಗ್ ಹಲಗೆಗೆ ಸವರಲು ಕೇಳಿಕೊಂಡು ಬರುವವರಿಗೆ ಕೊಡಬೇಡ, ಚರಂಡಿಗೂ ಸುರಿಸಬೇಡ. ಹಳೆ ಆಯಿಲನ್ನು ಸಂಗ್ರಹಿಸಿ ಸಂಸ್ಕರಣೆಗೆ ಕಳಿಸುವ ಸರ್ವಿಸ್ ಸೆಂಟರಿನಲ್ಲೇ ಬಿಟ್ಟು ಬಾ.

ನಿನ್ನ ಗಂಡನಿಗೆ ಒಂದು ಮಾತು. ನಾಲ್ಕು ಲೀಟರ್ ಡಬ್ಬದಲ್ಲಿ ಮಿಕ್ಕ ಆಯಿಲನ್ನು ಅವನ ಬೈಕಿಗೆ ಹಾಕಬಾರದು. ಬೈಕಿನಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಜಾರುವ ಆಯಿಲ್‌ಗೆ ಕ್ಲಚ್ ಸ್ಲಿಪ್ ಆಗುತ್ತದೆ. ಬೈಕಿಗೆ ಜಪಾನಿನ ದರ್ಜೆಯಾದ ಜಾಸೋ ಎಂಎ ಅಂತ ಬರೆದದ್ದೇ ಬೇಕು. ಮಿಕ್ಕದ್ದನ್ನು ಮುಚ್ಚಿ ನೆರಳಿನಲ್ಲಿಡಿ, ನಡುವೆ ಟಾಪ್‌ಅಪ್‌ಗೆ ಬರುತ್ತದೆ.

ಇಂತಿ ನಿನ್ನ
ದೊಡ್ಡಪ್ಪ