ವೈವಾ ಮುಗೀತು, ನನ್ನ ಬಾಳೆ ಒಣಗಿಸಿಕೊಟ್ಟೋರಿಗೆಲ್ಲ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗೀತು. ಫೋನ್ ಮಾಡಿದೋರಿಗೆ, ಮೆಸೇಜ್ ಹಾಕಿದೋರಿಗೆ ಒಬ್ಬೊಬ್ರಿಗೇ ಉತ್ತರ ಕೊಡೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ. ಚಾರ್ಮಾಡಿ, ಬಿಸ್ಲೆ, ಮುಳ್ಳಯ್ಯನಗಿರಿ ಕಡೆ ಸಿಗೋ ಕಾಡುಬಾಳೆಗಳಲ್ಲಿ ಯಾವುದು ಯಾವ ಗುಂಪಿಗೆ ಸೇರುತ್ತೆ ಅನ್ನೋದೇ ನನ್ನ ವಿಷಯ.

ಎಲ್ರೂ ಕೇಳೋದು ಒಂದೇ, ಹೊಸ ಜಾತಿ ಸಿಕ್ತಾ, ನಿನ್ ಹೆಸ್ರಿಟ್ಯಾ ಅಂತ. ಇಲ್ಲಪ್ಪ, ಸಿಕ್ಕಿಲ್ಲ. ಸಿಕ್ಕಿದ್ರೂ ಹೆಸರು ಅಷ್ಟು ಸಲೀಸಾಗಿ ಇಡೋಕಾಗಲ್ಲ, ಒಂದು ಮಾದರಿ ಗಿಡನ ಹರ್ಬೇರಿಯಂನಲ್ಲಿ, ಅಂದ್ರೆ ಒಣಗಿಸಿದ ಗಿಡಗಳನ್ನ ಶೀಟಿಗೆ ಅಂಟಿಸಿ ಕಾಪಾಡೋ ಜಾಗದಲ್ಲಿ ಇಡ್ಬೇಕು, ವಿವರಣೆ ಪ್ರಕಟ ಆಗ್ಬೇಕು, 2011 ಮುಗಿಯೋವರೆಗೂ ಆ ವಿವರಣೆ ಲ್ಯಾಟಿನ್‌ನಲ್ಲೇ ಇರ್ಬೇಕಿತ್ತು, ಈಗ ಇಂಗ್ಲಿಷ್ ಆದ್ರೂ ನಡಿಯುತ್ತೆ. ತಮ್ಮ ಹೆಸರು ತಾವೇ ಇಟ್ಕೊಂಡ್ರೆ ನಗ್ತಾರೆ ಅಷ್ಟೇ.

ಮೊದಲನೇ ಥ್ಯಾಂಕ್ಸ್ ಮೂಡಿಗೆರೆ ಹತ್ರದ ನಮ್ಮ ದೊಡ್ಡಮ್ಮಂಗೆ, ಅವರ ಬಚ್ಚಲು ಒಲೆಗೆ. ಬಾಳೆನ ಹರ್ಬೇರಿಯಂ ಶೀಟಿಗೆ ಹತ್ತಿಸೋದು ಅಂದ್ರೆ ಆನೆನ ಫೋಟೋ ಆಲ್ಬಂಗೆ ಅಂಟಿಸಿದಂಗೆ. ಎಲೆ ಆಳುದ್ದ, ಶೀಟು ಮೊಳಕ್ಕಿಂತ ಕಮ್ಮಿ. ಎಲೆ ತುದಿ ಒಂದು ತುಂಡು, ನಡು ಒಂದು ತುಂಡು, ತೊಟ್ಟಿನ ಕಡೆ ಒಂದು ತುಂಡು ಕೊಯ್ದು, ದಿಂಡು ಸೀಳಿ, ಮೂತಿಯ, ಅಂದ್ರೆ ಹೂಗೊಂಚಲಿನ ಮೊಗ್ಗಿನ, ಒಂದೊಂದು ಪದರ ಬಿಡಿಸಿ ಪೇಪರ್ ಮಧ್ಯೆ ಇಟ್ಟು ದಿನಾ ಪೇಪರ್ ಬದಲಾಯಿಸ್ಬೇಕು, ಜುಲೈ ಮಳೇಲಿ ಆ ಪೇಪರೇ ಒಣಗಲ್ಲ ಇನ್ನು ಬಾಳೆ ಎಲ್ಲಿ ಒಣಗ್ಬೇಕು! ಎರಡೇ ದಿನಕ್ಕೆ ಬೂಸ್ಟು. ದೊಡ್ಡಮ್ಮ ಹಂಡೆ ಒಲೆ ಮೇಲೆ ತಂತಿ ಕಟ್ಟಿ, ಹಳೇ ಪೇಪರ್ ಎಲ್ಲ ಬಿಸಿ ಮಾಡಿಟ್ಟು, ನಾನು ಕಾಡಿಂದ ಬರೋದ್ರೊಳಗೆ ಕಟ್ಟು ಬದಲಾಯಿಸಿ ಮುಗಿಸಿರೋರು. ನನ್ನ ಶೀಟುಗಳೆಲ್ಲ ಸ್ವಲ್ಪ ಹೊಗೆ ವಾಸನೆ, ಎಕ್ಸಾಮಿನರ್ ಮೂಸಿ ನೋಡಿ ನಕ್ಕರು. ಆದ್ರೆ ತಮಾಷೆ ಅಲ್ಲ ಇದು, ಬಾಳೆಗಳ ವರ್ಗೀಕರಣ ಇಷ್ಟು ಕಾಲ ಗೋಜಲಾಗೋಕೆ ಒಂದು ದೊಡ್ಡ ಕಾರಣಾನೇ ಸರಿಯಾಗಿ ಒಣಗಿದ ಮಾದರಿ ಇಲ್ದೇ ಇರೋದು. ಒಣಗಿದ್ರೂ ಬಣ್ಣ ಹೋಗುತ್ತೆ, ಗಿಡ ಹೆಂಗೆ ನಿಂತಿತ್ತು ಅನ್ನೋದು ಗೊತ್ತಾಗಲ್ಲ, ಬದುಕಿರೋ ಗಿಡನ ವರ್ಷಪೂರ್ತಿ ನೋಡಿರೋರೇ ಹೇಳ್ಬೇಕು.

ಹಂಗೆ ನೋಡಿರೋ ಅಜ್ಜಿ ಒಬ್ರು ಎಸ್ಟೇಟ್ ಲೈನ್‌ಮನೇಲಿ ಇದಾರೆ, ಹೆಸರು ಹಾಕ್ಬೇಡ ಅಂದಿದಾರೆ. "ಕಲ್ಲುಬಾಳೆ ಕಂದು ಹಾಕಲ್ಲ ಕಣವ್ವ, ಒಂದ್ಸಲ ಗೊನೆ ಬಿಟ್ಟು ಸಾಯ್ತದೆ, ಬೀಜ ಬಿದ್ದೇ ಹುಟ್ಟಬೇಕು" ಅಂತ ಬಂಡೆ ಮೇಲೆ ಬೆಳೆಯೋ ಆ ಕಾಡುಬಾಳೆ ಬಗ್ಗೆ ಮೊದಲನೇ ದಿನಾನೇ ಹೇಳಿದ್ರು. ಬುಡ ದಪ್ಪ, ಬೇಸಿಗೇಲಿ ಎಲೆ ಎಲ್ಲ ಒಣಗಿ ಬಂಡೆ ಮೇಲೆ ಬರೀ ಮೋಟು, ಮಳೆ ಬಿದ್ದ ಮೇಲೆ ಮತ್ತೆ ಚಿಗುರು, ಇದೆಲ್ಲಾನೂ ಅವರಿಗೆ ಬಾಯಿಪಾಠ. ಈ ಗಿಡಕ್ಕೆ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ 1811ರಲ್ಲಿ ಮ್ಯೂಸಾ ಸುಪರ್ಬಾ ಅಂತ ಹೆಸರು ಕೊಟ್ಟಿದ್ರು, ಅಂದ್ರೆ ಮಾಮೂಲಿ ಬಾಳೆ ಕುಲಕ್ಕೇ ಸೇರಿಸಿದ್ರು. 1940ರ ದಶಕದಲ್ಲಿ ಚೀಸ್‌ಮನ್ ಅನ್ನೋ ಸಸ್ಯವಿಜ್ಞಾನಿ ಬಂದು, ಇದು ಕಂದು ಹಾಕಲ್ಲ, ಹೂವು ಮತ್ತೆ ಮೂತಿ ಪದರ ದಂಟಿಗೇ ಅಂಟ್ಕೊಂಡಿರುತ್ತೆ ಸುಲಭಕ್ಕೆ ಕಳಚಲ್ಲ, ಕ್ರೋಮೋಸೋಮ್ ಬೇರೆ 9 ಜೊತೆ, ಮ್ಯೂಸಾದಲ್ಲಿ 10 ಇಲ್ಲಾ 11, ಅಂತೆಲ್ಲ ಲೆಕ್ಕ ಹಾಕಿ ಎನ್ಸೆಟೆ ಕುಲಕ್ಕೆ ಕಳಿಸಿದ್ರು. ಈಗ ಎನ್ಸೆಟೆ ಸುಪರ್ಬಮ್. ಕ್ರೋಮೋಸೋಮ್ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಅಜ್ಜಿಗೆ ಗೊತ್ತಿತ್ತು.

ಸಕಲೇಶಪುರದ ಮಾವ ತೋಟದ ಗೇಟ್ ಕೀ ಕೊಟ್ಟಿದ್ದಕ್ಕೆ, ಆನೆ ಇದ್ರೆ ಬೆಳಿಗ್ಗೆ ಐದಕ್ಕೇ ಫೋನ್ ಮಾಡಿ ಬರ್ಬೇಡ ಅಂದಿದ್ದಕ್ಕೆ ಥ್ಯಾಂಕ್ಸ್. ಅವರ ಹಿತ್ತಲಲ್ಲೇ ನನಗೆ ಅರ್ಧ ಪಾಠ ಆಯ್ತು. ಪಚ್ಚಬಾಳೆ ಪೂರ್ತಿ ಅಕ್ಯುಮಿನೇಟಾ ಅನ್ನೋ ಕಾಡುಬಾಳೆಯಿಂದ ಬಂದಿದ್ದು, ಏಲಕ್ಕಿ ಬಾಳೆ ಅಕ್ಯುಮಿನೇಟಾ ಮತ್ತೆ ಬಾಲ್ಬಿಸಿಯಾನಾ ಅನ್ನೋ ಇನ್ನೊಂದು ಕಾಡುಬಾಳೆ ಎರಡರ ಮಿಶ್ರಣ, ಅಕ್ಯುಮಿನೇಟಾ ಬಾಲ್ಬಿಸಿಯಾನಾ ಎರಡಕ್ಕೂ ಹೆಸರಿಟ್ಟಿದ್ದು ಇಟಲಿಯ ಕೊಲ್ಲಾ, 1820ರಲ್ಲಿ. ಅದಕ್ಕೂ ಮುಂಚೆ 1753ರಲ್ಲಿ ಲಿನೇಯಸ್ ಪ್ಯಾರಡಿಸಿಯಾಕಾ ಅಂತ ಹೆಸರಿಟ್ಟಿದ್ದು ಬೀಜ ಇಲ್ಲದ ತೋಟದ ಬಾಳೆಗೆ, ಅದು ಮಿಶ್ರತಳಿ ಅಂತ ಗೊತ್ತಾಗೋಕೆ ಎಷ್ಟೋ ಕಾಲ ಹಿಡೀತು. ಮಾವ ಇದನ್ನೆಲ್ಲ ಕೇಳಿ "ನಮ್ಗೆ ತಿನ್ನೋಕೆ ಸಿಕ್ರೆ ಸಾಕು ಬಿಡು" ಅಂದ್ರು.

ಜೀಪಿನ ಅಣ್ಣಂಗೂ ಥ್ಯಾಂಕ್ಸ್, ಡೀಸೆಲ್ ದುಡ್ಡು ಬಿಟ್ರೆ ಏನೂ ತಗೊಳ್ಳಲಿಲ್ಲ, ಇಂಬಳ ಕಿತ್ತುಹಾಕೋಕೆ ಉಪ್ಪಿನ ಗಂಟು ಸಮೇತ ಇಟ್ಕೊಂಡು ಬರೋರು. ಗೈಡ್ ಮೇಡಂಗೆ, ಅಪ್ಪ ಆಸ್ಪತ್ರೇಲಿದ್ದಾಗ ಚಾಪ್ಟರ್ ಕೇಳದೇ ಅಪ್ಪ ಹೆಂಗಿದಾರೆ ಅಂತಷ್ಟೇ ಕೇಳಿದ್ದಕ್ಕೆ. ಅಪ್ಪ ಈಗ ಆರಾಮಿದಾರೆ.

ಇನ್ನೊಂದು, ಘಾಟಿ ಕಡೆ ಹೋಗೋರು ಕಲ್ಲುಬಾಳೆ ಕಂಡ್ರೆ ದಯವಿಟ್ಟು ಗೊನೆ ಕಡೀಬೇಡಿ, ಕಿಡ್ನಿ ಕಲ್ಲಿಗೆ ಔಷಧಿ ಅಂತ ಬೀಜಕ್ಕೋಸ್ಕರ ಕಡಿಯೋರು ಜಾಸ್ತಿ ಆಗಿದಾರೆ, ಆ ಗಿಡ ಮತ್ತೆ ಹುಟ್ಟೋಕೆ ಬೀಜ ಬಿಟ್ರೆ ಬೇರೆ ದಾರಿ ಇಲ್ಲ. ಫೋಟೋ ತೆಗೆದು ಕಳಿಸಿ, ಬರೀ ಹಣ್ಣಿಂದಲ್ಲ, ಬುಡ ಮತ್ತೆ ಮೂತಿ ಎರಡೂ ಕಾಣೋ ಹಂಗೆ.