ಓಟಿಪಿ ಕೊಡದೇ ಹೋದ ಹಣಕ್ಕೆ ಯಾರು ಹೊಣೆ?

ಮಾನ್ಯ ಸಂಪಾದಕರೇ,

‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಬ್ಯಾಂಕಿನವರು ಆಗಾಗ ಮೆಸೇಜ್ ಕಳಿಸುತ್ತಲೇ ಇರುತ್ತಾರೆ. ಒಳ್ಳೆಯದೇ. ಆದರೆ ಓಟಿಪಿ ಹೇಳದೆಯೂ ಹಣ ಹೋದರೆ ವಾಪಸ್ ಪಡೆಯುವುದು ಹೇಗೆ ಅಂತ ಒಂದು ಮೆಸೇಜೂ ಬರುವುದಿಲ್ಲ.

ನಮ್ಮ ಚಿಕ್ಕಮ್ಮನ ಖಾತೆಯಿಂದ ಯಾರೋ ಆಧಾರ್ ಬೆರಳಚ್ಚಿನ ಮೂಲಕ ದುಡ್ಡು ತೆಗೆದಿದ್ದರು. ಪಾಸ್‌ಬುಕ್‌ನಲ್ಲಿ ಆ ಸಾಲಿನ ಮುಂದೆ ‘ಎಇಪಿಎಸ್’ (ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆ) ಅಂತ ಸ್ಪಷ್ಟವಾಗಿ ಪ್ರಿಂಟ್ ಆಗಿತ್ತು. ಕೌಂಟರ್‌ನಲ್ಲಿದ್ದವರು ಅದನ್ನು ನೋಡಿದ ಮೇಲೂ ಕೇಳಿದ್ದು, ‘ಯಾರಿಗಾದ್ರೂ ಓಟಿಪಿ ಕೊಟ್ರಾ ಅಮ್ಮಾ?’ ಎಂದು. ಅಲ್ಲ, ಎಇಪಿಎಸ್‌ನಲ್ಲಿ ದುಡ್ಡು ತೆಗೆಯೋಕೆ ಓಟಿಪಿಯೇ ಬೇಕಿಲ್ಲವಲ್ಲ! ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಮುಗಿಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು ಹೀಗೆ ಹಣ ಲಪಟಾಯಿಸಿದ ಸುದ್ದಿ 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದೂ ಗ್ರಾಹಕರ ತಪ್ಪಾ?

ಮುಂದಿನ ಮಾತು, ‘ಎಫ್‌ಐಆರ್ ತನ್ನಿ, ಆಮೇಲೆ ನೋಡೋಣ’. ಸ್ಟೇಷನ್‌ಗೆ ಹೋದರೆ, ‘ಬ್ಯಾಂಕ್‌ನಲ್ಲಿ ದೂರು ಕೊಟ್ಟಿದ್ದಕ್ಕೆ ಏನಾದ್ರೂ ಇದೆಯಾ?’ ಈ ಓಡಾಟದಲ್ಲಿ ದಿನ ಕಳೆಯುತ್ತದೆ. ಈ ವಿಷಯದಲ್ಲಿ ದಿನವೇ ದುಡ್ಡು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲೇ ಇದನ್ನು ಬಿಡಿಸಿ ಹೇಳಿದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ಒಂದು ರೂಪಾಯಿಯೂ ನಷ್ಟವಾಗಬಾರದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಅಷ್ಟೇ, ಪೂರ್ತಿ ಹಣ ವಾಪಸ್. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರ ಮೇಲೆ ಬೀಳುವುದು ಹೆಚ್ಚೆಂದರೆ 10,000 ರೂಪಾಯಿ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಹೋದ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ದೂರು ಇತ್ಯರ್ಥ ಆಗಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತು, ಗ್ರಾಹಕರದೇ ತಪ್ಪು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಕೌಂಟರ್ ಮುಂದೆ ಕೈಕಟ್ಟಿ ನಿಂತು ‘ನಾನೇನೂ ಮಾಡಿಲ್ಲ ಸಾರ್’ ಅನ್ನಬೇಕಾದವರು ಗ್ರಾಹಕರಲ್ಲ.

ಮೋಸಹೋಗಿ ಪಿನ್ನೋ ಓಟಿಪಿಯೋ ಹೇಳಿದವರ ಕಥೆ ಬೇರೆ, ನಿಜ. ದೂರು ಕೊಡುವವರೆಗಿನ ನಷ್ಟ ಅವರದೇ. ಆದರೆ ದೂರು ಕೊಟ್ಟ ಮೇಲೂ ಹಣ ಹೋದರೆ ಅದು ಬ್ಯಾಂಕಿನ ತಲೆಗೆ. ಹಾಗಾಗಿ ನಾಚಿಕೆಪಟ್ಟು ಸುಮ್ನೆ ಕೂರಬಾರದು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಜೊತೆಗೆ ಬ್ಯಾಂಕಿಗೂ ತಿಳಿಸಿ ದೂರಿನ ನಂಬರ್ ಪಡೆಯಬೇಕು. 30 ದಿನ ಆದರೂ ಬ್ಯಾಂಕಿನಿಂದ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೂ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟನ್ನು ಪ್ರತಿ ಶಾಖೆಯಲ್ಲೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಲು ಏನು ಕಷ್ಟ? ವಿಮೆ ಪಾಲಿಸಿಯ ಜಾಹೀರಾತಿಗೆ ಗೋಡೆ ತುಂಬ ಜಾಗ ಇರುತ್ತದೆ ಅಲ್ವಾ? ಬರೆದು ತಂದ ದೂರನ್ನು ಎಫ್‌ಐಆರ್ ಇಲ್ಲ ಅಂತ ವಾಪಸ್ ಕಳಿಸದೆ, ಅವತ್ತೇ ತಗೊಂಡು, ಪ್ರತಿಯ ಮೇಲೆ ತಾರೀಖು ಹಾಕಿ ಸೀಲ್ ಒತ್ತಿ ಕೊಡಬೇಕು. ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ನೋಡಿಕೊಳ್ಳುವ ನಮ್ಮ ಲೀಡ್ ಬ್ಯಾಂಕ್ ಅಧಿಕಾರಿಗಳು ಮುಂದಿನ ಸಭೆಯಲ್ಲಿ ಎಲ್ಲ ಬ್ಯಾಂಕಿನವರಿಗೂ ಇದನ್ನು ತಿಳಿಸಲಿ.

ಇಂತಿ,
ನಿಮ್ಮ ಓದುಗ
ತುಮಕೂರು