ಜಗಳ ಮುಗಿಯದ ಮನೆಗಳು

ಸದಸ್ಯ ಬಂಧುಗಳೇ,

2023ರ ಡಿಸೆಂಬರ್ 5ರಂದು ಅಮೆರಿಕದ ಟಿವಿ ಧಾರಾವಾಹಿಗಳ ಲೇಖಕ, ನಿರ್ಮಾಪಕ ನಾರ್ಮನ್ ಲಿಯರ್ ತೀರಿಕೊಂಡರು. ಆಗ ಅವರಿಗೆ 101 ವರ್ಷ. ಅಮೆರಿಕದ ಪತ್ರಿಕೆಗಳು ಅವರ ಬಗ್ಗೆ ಪುಟಗಟ್ಟಲೆ ಬರೆದವು. ಇಲ್ಲಿನ ನಮ್ಮ ಕನ್ನಡ ಬಳಗದಲ್ಲಿ ಮಾತ್ರ ಆ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಬರಬೇಕಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ. ನಮ್ಮಂಥವರಿಗೆ ಅಮೆರಿಕದ ಬಾಗಿಲು ತೆರೆದ 1965ರ ವಲಸೆ ಕಾಯ್ದೆಯ ನಂತರ ಇಲ್ಲಿಗೆ ಬಂದ ನಮ್ಮ ಮೊದಲ ತಲೆಮಾರಿನ ಡಾಕ್ಟರುಗಳು, ಎಂಜಿನಿಯರುಗಳು, ವಿದ್ಯಾರ್ಥಿಗಳು ಸಂಸಾರ ಹೂಡಿದ ಕಾಲವೂ ಲಿಯರ್ ಅವರ ಧಾರಾವಾಹಿಗಳ ಕಾಲವೂ ಒಂದೇ. ಟಿವಿಯಲ್ಲಿ ಆಗ ಇದ್ದದ್ದು ಮೂರೇ ದೊಡ್ಡ ನೆಟ್‌ವರ್ಕ್‌ಗಳು. 1974-75ರ ಸಾಲಿನಲ್ಲಿ ದೇಶದ ಜನ ಅತಿ ಹೆಚ್ಚು ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಐದು ಲಿಯರ್ ಅವರವು. ಆಫೀಸಿನಲ್ಲಿ ನಗುನಗುತ್ತಾ ಕೈಕುಲುಕುವ ಅಮೆರಿಕನ್ನರು ಮನೆಯ ಬಾಗಿಲು ಹಾಕಿಕೊಂಡ ಮೇಲೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಹೊಸದಾಗಿ ಬಂದವರಿಗೆ ಕೇಳಿಸಿದ್ದು ಆ ಧಾರಾವಾಹಿಗಳೇ.

ಚಳಿಗಾಲದ ರಜೆ ಹತ್ತಿರ ಬಂತು. ಮಕ್ಕಳು ಕಾಲೇಜಿನಿಂದ ಮನೆಗೆ ಬರುತ್ತಾರೆ. ಎಲ್ಲರೂ ಒಟ್ಟಿಗೆ ಕೂತು ಏನು ನೋಡೋಣ ಎನ್ನುವವರಿಗಾಗಿ ಈ ಸಲದ ಸಂಪಾದಕೀಯವನ್ನು ಲಿಯರ್ ಅವರಿಗೆ ಮೀಸಲಿಟ್ಟಿದ್ದೇನೆ.

ಲಿಯರ್ ಹುಟ್ಟಿದ್ದು 1922ರಲ್ಲಿ, ಕನೆಕ್ಟಿಕಟ್‌ನ ನ್ಯೂ ಹೇವನ್‌ನ ಒಂದು ಯಹೂದಿ ಮನೆಯಲ್ಲಿ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ತಂದೆ ನಕಲಿ ಬಾಂಡ್ ಮಾರಲು ಹೋಗಿ ಸಿಕ್ಕಿಬಿದ್ದು ಜೈಲು ಸೇರಿದರು. ತಾಯಿ ಮನೆಯ ಸಾಮಾನು ಮಾರಲು ಕೂತರು. ತಂದೆ ಕೂತು ರೇಡಿಯೋ ಕೇಳುತ್ತಿದ್ದ ಕೆಂಪು ಚರ್ಮದ ಕುರ್ಚಿಯೂ ಬೇರೆಯವರ ಪಾಲಾಯಿತು. ಆ ಗದ್ದಲದಲ್ಲಿ ಯಾರೋ ಹಿರಿಯರು ಹುಡುಗನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮೇಲೆ ಈ ಮನೆಗೆ ನೀನೇ ಗಂಡಸು ಎಂದರಂತೆ. ಒಂಬತ್ತು ವರ್ಷದ ಮಗುವಿಗೆ ಅಂಥ ಹೊತ್ತಿನಲ್ಲಿ ಅಂಥ ಮಾತು! ಬದುಕಿನ ಅಸಂಬದ್ಧತೆ ತನಗೆ ಮೊದಲ ಸಲ ಹೊಳೆದದ್ದು ಆಗಲೇ ಎಂದು ಲಿಯರ್ ಮುಂದೆ ಎಷ್ಟೋ ಸಲ ಹೇಳಿಕೊಂಡರು. ಜೈಲಿನಿಂದ ಬಂದ ಮೇಲೂ ತಂದೆ ಬದಲಾಗಲಿಲ್ಲ. ಹೆಂಡತಿ ಬಾಯಿ ತೆರೆದರೆ ಸಾಕು, ಗದರಿಸಿ ಸುಮ್ಮನಾಗಿಸುತ್ತಿದ್ದರು. ಮನೆಯಲ್ಲಿ ಎಲ್ಲರದೂ ಏರುದನಿ. ಹುಡುಗ ಆ ತಂದೆಯೊಡನೆ ಜಗಳವಾಡುತ್ತಲೇ ಬೆಳೆದ, ಪ್ರೀತಿಸುತ್ತಲೂ ಬೆಳೆದ. ಎರಡನೇ ಮಹಾಯುದ್ಧದಲ್ಲಿ ಬಿ-17 ಬಾಂಬರ್ ವಿಮಾನದಲ್ಲಿ 52 ಸಲ ಯುದ್ಧಕ್ಕೆ ಹಾರಿ ಬದುಕಿ ಬಂದ. ಆಮೇಲೆ ಟಿವಿಗೆ ಬರೆಯಲು ಕೂತ.

ಆ ತಂದೆಯೇ 1971ರ ಜನವರಿ 12ರ ರಾತ್ರಿ ಸಿಬಿಎಸ್ ಚಾನೆಲ್ಲಿನಲ್ಲಿ ಆರ್ಚಿ ಬಂಕರ್ ಎಂಬ ಪಾತ್ರವಾಗಿ ಕಾಣಿಸಿಕೊಂಡ. ಆರ್ಚಿಯ ಆ ಧಾರಾವಾಹಿ 'ಆಲ್ ಇನ್ ದ ಫ್ಯಾಮಿಲಿ' ಬ್ರಿಟನ್ನಿನ ಒಂದು ಹಾಸ್ಯ ಧಾರಾವಾಹಿಯ ಎಳೆ ಹಿಡಿದು ಹುಟ್ಟಿದ್ದು ನಿಜ, ಆದರೆ ಒಳಗಿನ ಜೀವ ಲಿಯರ್ ಮನೆಯದೇ. ಎಬಿಸಿ ನೆಟ್‌ವರ್ಕ್ ಎರಡು ಸಲ ಪೈಲಟ್, ಅಂದರೆ ಮಾದರಿ ಕಂತು, ಮಾಡಿಸಿ ಎರಡು ಸಲವೂ ಬೇಡ ಎಂದಿತ್ತು. ಸಿಬಿಎಸ್ ಕೂಡ ಹೆದರಿ, ಇದು ನಮ್ಮ ಪೂರ್ವಗ್ರಹಗಳನ್ನು ನಗೆಯ ಬೆಳಕಿನಲ್ಲಿ ತೋರಿಸುವ ಪ್ರಯತ್ನ ಎಂಬರ್ಥದ ಒಂದು ಸೂಚನೆಯನ್ನು ಮೊದಲೇ ತೆರೆಯ ಮೇಲೆ ಹಾಕಿತು. ಮುಂದೆ ಸತತ ಐದು ವರ್ಷ ಅದೇ ದೇಶದ ನಂಬರ್ ಒನ್ ಕಾರ್ಯಕ್ರಮವಾಯಿತು.

ಕಥೆ ನಡೆಯುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಒಂದು ಪುಟ್ಟ ಮನೆಯಲ್ಲಿ. ಆರ್ಚಿ ಕಾರ್ಮಿಕ, ಬಿಳಿಯ. ಕರಿಯರು, ಯಹೂದಿಗಳು, ವಲಸಿಗರು ಯಾರನ್ನು ಕಂಡರೂ ಅವನಿಗಾಗದು. ಹೆಂಡತಿ ಈಡಿತ್ ಮುಗ್ಧೆ, ಆದರೆ ಆ ಮನೆಯಲ್ಲಿ ನ್ಯಾಯಾನ್ಯಾಯ ನಿಚ್ಚಳವಾಗಿ ಕಾಣುವುದು ಅವಳೊಬ್ಬಳಿಗೇ. ಮಗಳು ಗ್ಲೋರಿಯಾ, ಜೊತೆಗೆ ಮಾವನ ಅನ್ನ ತಿನ್ನುತ್ತಾ ಕಾಲೇಜು ಓದುವ ಎಡಪಂಥೀಯ ಅಳಿಯ ಮೈಕ್. ಈ ನಾಲ್ವರ ಪಾತ್ರ ಮಾಡಿದ ಕ್ಯಾರಲ್ ಓ'ಕಾನರ್, ಜೀನ್ ಸ್ಟೇಪಲ್ಟನ್, ಸ್ಯಾಲಿ ಸ್ಟ್ರದರ್ಸ್, ರಾಬ್ ರೈನರ್ ನಾಲ್ವರಿಗೂ ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿಯಾದ ಎಮ್ಮಿ ಬಂತು.

ಮಾವ-ಅಳಿಯ ವಿಯೆಟ್ನಾಂ ಯುದ್ಧದ ಬಗ್ಗೆ ಹೇಗೆ ಕಚ್ಚಾಡುತ್ತಾರೋ ಕಾಲುಚೀಲದ ಬಗ್ಗೆಯೂ ಹಾಗೇ ಕಚ್ಚಾಡುತ್ತಾರೆ. ಒಂದು ಕಂತಿನಲ್ಲಿ ಮೈಕ್ ಒಂದು ಕಾಲಿಗೆ ಚೀಲ ಹಾಕಿ ಅದೇ ಕಾಲಿಗೆ ಶೂ ಹಾಕುತ್ತಾನೆ. ಆರ್ಚಿಗೆ ತಡೆಯಲಾಗುವುದಿಲ್ಲ. ಲೋಕದ ಜನರೆಲ್ಲ ಎರಡು ಕಾಲಿಗೂ ಚೀಲ ಹಾಕಿ ಆಮೇಲೆ ಶೂ ಹಾಕುತ್ತಾರಲ್ಲ! ಮನೆಗೆ ಬೆಂಕಿ ಬಿದ್ದು ಓಡಬೇಕಾಗಿ ಬಂದರೆ ನನ್ನ ಕಾಲೆರಡೂ ಸಮ ಇರುತ್ತವೆ ಎನ್ನುತ್ತಾನೆ ಆರ್ಚಿ. ಹೊರಗೆ ಮಳೆಯೋ ಹಿಮವೋ ಇದ್ದರೆ ನಾನು ಶೂ ಹಾಕಿದ ಕಾಲಿನಲ್ಲಿ ಕುಂಟುತ್ತಾ ಹೋಗಿ ಒದ್ದೆಯಾಗದೆ ಉಳಿಯುತ್ತೇನೆ ಎನ್ನುತ್ತಾನೆ ಮೈಕ್. ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ಸುಪ್ರೀಂ ಕೋರ್ಟಿನಲ್ಲಿ ವಾದಿಸುವವರ ಗಾಂಭೀರ್ಯ. ಸ್ಟುಡಿಯೋದಲ್ಲಿ ಕೂತ ಪ್ರೇಕ್ಷಕರು ನಕ್ಕೂ ನಕ್ಕೂ ಸುಸ್ತಾಗುವುದು ಕೇಳಿಸುತ್ತದೆ. ನಗು ಮುಗಿಯುವವರೆಗೆ ನಟರು ಮುಂದಿನ ಮಾತನ್ನು ತಡೆದು ಹಿಡಿದಿರುತ್ತಾರೆ. ಜನರೆದುರು ನಾಟಕದಂತೆ ಆಡಿ ವಿಡಿಯೋ ಟೇಪಿನಲ್ಲಿ ಹಿಡಿಯುವ ಈ ಪದ್ಧತಿ ಲಿಯರ್ ಧಾರಾವಾಹಿಗಳ ಉಸಿರು. ರಂಗಭೂಮಿಯ ನಂಟಿರುವ ನಮ್ಮ ಸದಸ್ಯರು ನಟರ ಆ ಕಾಯುವಿಕೆಯನ್ನು ಗಮನಿಸಿ ನೋಡಬೇಕು.

ಎಲ್ಲ ಕಂತುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು 1976ರ ಡಿಸೆಂಬರ್ 25ರಂದು ಪ್ರಸಾರವಾದದ್ದನ್ನು ಆರಿಸುತ್ತೇನೆ. ಕ್ರಿಸ್‌ಮಸ್ ಊಟಕ್ಕೆ ಆರ್ಚಿಯ ಗೆಳೆಯ ಪಿಂಕಿ ಬಂದಿದ್ದಾನೆ. ಅವನ ಮಗ ವಿಯೆಟ್ನಾಂನಲ್ಲಿ ಸತ್ತಿದ್ದಾನೆ. ಮೈಕ್‌ನ ಗೆಳೆಯ ಡೇವಿಡ್ ಕೂಡ ಬಂದಿದ್ದಾನೆ. ಅವನು ಸೇನೆಯ ಕಡ್ಡಾಯ ಭರ್ತಿಗೆ ಒಪ್ಪದೆ ಕೆನಡಾಗೆ ಓಡಿಹೋದವನು, ಸಿಕ್ಕರೆ ಜೈಲು. ಊಟದ ಮೇಜಿನ ಮೇಲೆ ಈ ಗುಟ್ಟು ಹೊರಬೀಳುತ್ತದೆ. ಆರ್ಚಿ ಎದ್ದು ನಿಂತು ಕೂಗಾಡುತ್ತಾನೆ. ಅವನು ಕೂಗಾಡುವುದು ಪಿಂಕಿಯ ಪರವಾಗಿ: ಮಗನನ್ನು ಕಳೆದುಕೊಂಡ ಅಪ್ಪನ ಎದುರು ಇಂಥವನನ್ನು ಕೂರಿಸುವುದೇ? ಆಗ ಪಿಂಕಿ ಬಾಯಿ ತೆರೆಯುತ್ತಾನೆ. ನನ್ನ ಮಗನಿಗೂ ಆ ಯುದ್ಧ ಬೇಡವಾಗಿತ್ತು, ಅವನು ತನಗೆ ಸರಿ ಕಂಡದ್ದನ್ನು ಮಾಡಿದ, ಈ ಹುಡುಗ ತನಗೆ ಸರಿ ಕಂಡದ್ದನ್ನು ಮಾಡಿದ. ನನ್ನ ಮಗ ಇದ್ದಿದ್ದರೆ ಇವನ ಜೊತೆ ಕೂತು ಉಣ್ಣುತ್ತಿದ್ದ, ನಾನೂ ಉಣ್ಣುತ್ತೇನೆ ಎಂದು ಡೇವಿಡ್‌ನ ಕೈ ಹಿಡಿಯುತ್ತಾನೆ. ಇಲ್ಲಿಗೆ ಮುಗಿಸಿದ್ದರೆ ಅದೊಂದು ಒಳ್ಳೆಯ ನೀತಿಕಥೆ ಆಗುತ್ತಿತ್ತು, ಅಷ್ಟೇ. ಲಿಯರ್ ತಂಡ ಮುಗಿಸುವುದಿಲ್ಲ. ಆರ್ಚಿಗೆ ಒಪ್ಪಿಗೆಯಾಗುವುದಿಲ್ಲ. ಇದನ್ನು ಅರಗಿಸಿಕೊಳ್ಳಲು ತನಗೆ ಸಮಯ ಬೇಕು ಎನ್ನುತ್ತಾನೆ, ಆದರೆ ಮೇಜಿಗೆ ಬಂದು ಕೂರುತ್ತಾನೆ. ಈ ಕಂತು ಪ್ರಸಾರವಾಗಿ ತಿಂಗಳು ತುಂಬುವುದರೊಳಗೆ, 1977ರ ಜನವರಿ 21ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಡೇವಿಡ್‌ನಂಥವರಿಗೆಲ್ಲ ಕ್ಷಮಾದಾನ ಕೊಟ್ಟರು.

ಲಿಯರ್ ಅವರ ಒಳ್ಳೆಯ ಧಾರಾವಾಹಿಗಳನ್ನೂ ಸಾಧಾರಣವಾದವನ್ನೂ ನಾನು ಬೇರ್ಪಡಿಸುವುದು ಇದೇ ಅಳತೆಗೋಲಿನಿಂದ. ಒಳ್ಳೆಯವುಗಳಲ್ಲಿ ಜಗಳ ಬಗೆಹರಿಯುವುದಿಲ್ಲ, ಆದರೂ ಎಲ್ಲರೂ ಮತ್ತೆ ಅದೇ ಮೇಜಿಗೆ ಬಂದು ಕೂರುತ್ತಾರೆ.

ಒಂದು ಆಕ್ಷೇಪಕ್ಕೆ ಇಲ್ಲಿ ಉತ್ತರ ಹೇಳಲೇಬೇಕು. 1974ರಲ್ಲಿ ವಿದ್ಮಾರ್ ಮತ್ತು ರೋಕಿಚ್ ಎಂಬ ಇಬ್ಬರು ವಿದ್ವಾಂಸರು 'ಆಲ್ ಇನ್ ದ ಫ್ಯಾಮಿಲಿ'ಯ ವೀಕ್ಷಕರನ್ನು ಅಧ್ಯಯನ ಮಾಡಿದರು. ಪೂರ್ವಗ್ರಹ ಹೆಚ್ಚಿದ್ದವರು ಆರ್ಚಿಯನ್ನೇ ಮೆಚ್ಚುತ್ತಿದ್ದರು, ವಾದದಲ್ಲಿ ಗೆದ್ದವನು ಅವನೇ ಎಂದುಕೊಳ್ಳುತ್ತಿದ್ದರು ಎಂದು ತಿಳಿದುಬಂತು. ಇದು ತಳ್ಳಿಹಾಕುವ ಮಾತಲ್ಲ. ಆದರೂ ನಾನು ಲಿಯರ್ ಪರ. ಮನಸ್ಸು ಬದಲಾಯಿಸುತ್ತೇವೆಂದು ಹೊರಟ ನಾಟಕ ಭಾಷಣವಾಗಿಬಿಡುತ್ತದೆ. ಬಚ್ಚಿಟ್ಟ ಮಾತನ್ನು ಎಲ್ಲರೆದುರು ಆಡಿಸಿ, ಅದಕ್ಕೆ ಎದುರು ಮಾತನ್ನೂ ಅದೇ ಕೋಣೆಯಲ್ಲಿ ಆಡಿಸಿದ್ದು ಸಣ್ಣ ಕೆಲಸವಲ್ಲ. ಆರ್ಚಿ ಮತ್ತು ಈಡಿತ್ ಕೂರುತ್ತಿದ್ದ ಕುರ್ಚಿಗಳು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಪಾಲಾಗಿವೆ.

ನನ್ನ ಪಟ್ಟಿಯಲ್ಲಿ ಎರಡನೆಯದು 'ದ ಜೆಫರ್ಸನ್ಸ್'. ಆರ್ಚಿಯ ಪಕ್ಕದ ಮನೆಯ ಕರಿಯ ಕುಟುಂಬ 1975ರಲ್ಲಿ ಕ್ವೀನ್ಸ್ ಬಿಟ್ಟು ಮ್ಯಾನ್‌ಹಟನ್‌ನ ಐಷಾರಾಮಿ ಅಪಾರ್ಟ್‌ಮೆಂಟಿಗೆ ಹೋಗುತ್ತದೆ. ಜಾರ್ಜ್ ಜೆಫರ್ಸನ್ ಡ್ರೈ ಕ್ಲೀನಿಂಗ್ ಅಂಗಡಿಗಳಿಂದ ಮೇಲೆ ಬಂದವನು. ದುಡ್ಡು ಬಂತು, ಆದರೆ ಹಳೆಯ ಗಾಯ ಮಾಯಲಿಲ್ಲ. ಅವನ ನೆರೆಯಲ್ಲಿ ಬಿಳಿಯ ಗಂಡ, ಕರಿಯ ಹೆಂಡತಿಯ ಸಂಸಾರ. ಅದನ್ನು ಸಹಿಸಲಾಗದೆ ಅವನೂ ಆರ್ಚಿಯಂತೆಯೇ ಆಡುತ್ತಾನೆ. ಮೇಲೆ ಬಂದ ಮೇಲೆ ಎಲ್ಲಿಯವರು ನಾವು ಎಂಬ ಪ್ರಶ್ನೆಯನ್ನು ನಗಿಸುತ್ತಲೇ ಕೇಳಿದ ಈ ಧಾರಾವಾಹಿ 11 ಸೀಸನ್, 253 ಕಂತು ನಡೆಯಿತು. ಹೆಂಡತಿ ಲೂಯಿಸ್ ಪಾತ್ರದ ಇಸಬೆಲ್ ಸ್ಯಾನ್‌ಫರ್ಡ್ 1981ರಲ್ಲಿ ಹಾಸ್ಯ ಧಾರಾವಾಹಿಯ ಅತ್ಯುತ್ತಮ ನಟಿ ಎಮ್ಮಿ ಪಡೆದ ಮೊದಲ ಕರಿಯ ಮಹಿಳೆ. ಇಷ್ಟಾದರೂ 1985ರಲ್ಲಿ ಒಂದು ಸರಿಯಾದ ಕೊನೆಯ ಕಂತಿಗೂ ಅವಕಾಶ ಕೊಡದೆ ನಿಲ್ಲಿಸಿದರು. ಅದು ಇಂದಿಗೂ ಹೊಟ್ಟೆ ಉರಿಸುವ ಸಂಗತಿ.

'ಮಾಡ್' ಧಾರಾವಾಹಿಯ ನಾಯಕಿ ಈಡಿತ್‌ಳ ಸೋದರ ಸಂಬಂಧಿ. ಎತ್ತರದ ಆಳು, ಗಡಸು ದನಿ, ನಾಲ್ಕನೆಯ ಗಂಡ, ಯಾರಿಗೂ ಬಗ್ಗದ ಉದಾರವಾದಿ. ಬಿಯಾ ಆರ್ಥರ್ ಆ ಪಾತ್ರಕ್ಕೆಂದೇ ಹುಟ್ಟಿದವರಂತೆ ಕಾಣುತ್ತಾರೆ. 1972ರ ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ, 47ರ ಹರೆಯದಲ್ಲಿ ಗರ್ಭಿಣಿಯಾದ ಮಾಡ್ ಗರ್ಭಪಾತಕ್ಕೆ ನಿರ್ಧರಿಸುತ್ತಾಳೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಆಗಲೇ ಕಾನೂನುಬದ್ಧವಾಗಿತ್ತು. ದೇಶಕ್ಕೆಲ್ಲ ಅನ್ವಯಿಸುವ ಸುಪ್ರೀಂ ಕೋರ್ಟ್ ತೀರ್ಪು ಬರಲು ಇನ್ನೂ ಎರಡು ತಿಂಗಳಿತ್ತು. ಮರುಪ್ರಸಾರದ ಹೊತ್ತಿಗೆ ಹಲವು ಸ್ಥಳೀಯ ಕೇಂದ್ರಗಳು ಆ ಕಂತುಗಳನ್ನು ಹಾಕಲು ನಿರಾಕರಿಸಿದವು. ಸೂಸನ್ ಹ್ಯಾರಿಸ್ ಬರೆದ ಆ ಎರಡು ಕಂತುಗಳಲ್ಲಿ ನನಗೆ ಹಿಡಿಸುವುದು ಗಂಡ-ಹೆಂಡತಿ ಪರಸ್ಪರ ನೋಯಿಸಬಾರದೆಂದು ಮನಸ್ಸಿನ ಮಾತನ್ನು ಮುಚ್ಚಿಡುತ್ತಾ ಒದ್ದಾಡುವ ರೀತಿ. ವಿಷಯ ಯಾವುದೇ ಇರಲಿ, ಸಂಸಾರ ಗೊತ್ತಿದ್ದವರು ಬರೆದದ್ದು ಎಂದು ತಿಳಿಯುತ್ತದೆ.

ಮಾಡ್ ಮನೆಯಲ್ಲಿ ಕೆಲಸಕ್ಕಿದ್ದ ಫ್ಲಾರಿಡಾಳ ಕಥೆ 1974ರಲ್ಲಿ 'ಗುಡ್ ಟೈಮ್ಸ್' ಆಯಿತು. ಇದನ್ನು ನೋಡುವಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚು. ಶಿಕಾಗೋದ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬಡತನ ಉಣ್ಣುತ್ತಿರುವ ಕರಿಯ ಕುಟುಂಬ. ಮನೆಗೊಬ್ಬ ತಂದೆ ಇರಲೇಬೇಕು ಎಂದು ಪಟ್ಟು ಹಿಡಿದವರು ಫ್ಲಾರಿಡಾ ಪಾತ್ರದ ಎಸ್ತರ್ ರೋಲ್. ಮೊದಲ ವರ್ಷಗಳಲ್ಲಿ ಆ ತಂದೆಯಾಗಿ ಜಾನ್ ಏಮಸ್ ನಿಂತ ನಿಲುವೇ ಧಾರಾವಾಹಿಯ ಬೆನ್ನೆಲುಬು. ಆದರೆ ಹಿರಿಮಗ ಜೆ.ಜೆ.ಯ ಕೋಡಂಗಿತನಕ್ಕೆ ಚಪ್ಪಾಳೆ ಜೋರಾಗುತ್ತಾ ಹೋದಂತೆ ಬರವಣಿಗೆಯೂ ಅತ್ತಲೇ ವಾಲಿತು. ರೋಲ್, ಏಮಸ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದರು. ಏಮಸ್ ಅವರನ್ನು ತೆಗೆದುಹಾಕಿ 1976ರಲ್ಲಿ ತಂದೆಯ ಪಾತ್ರ ಅಪಘಾತದಲ್ಲಿ ಸತ್ತಿತೆಂದು ತೋರಿಸಲಾಯಿತು. ತೆರೆಯ ಮೇಲೆ ಎಂಥ ಜಗಳಕ್ಕೂ ಜಾಗ ಮಾಡಿಕೊಡುತ್ತಿದ್ದ ಲಿಯರ್ ಅವರ ಸಂಸ್ಥೆ, ತೆರೆಯ ಹಿಂದಿನ ಈ ಜಗಳವನ್ನು ತಾಳಿಕೊಳ್ಳಲಿಲ್ಲ. ಅವರ ದೊಡ್ಡ ಸೋಲು ಇದೇ ಎಂದು ನಾನು ತಿಳಿದಿದ್ದೇನೆ. ಏಮಸ್ ಇರುವ ಮೊದಲ ಮೂರು ಸೀಸನ್‌ಗಳನ್ನು ನೋಡಿ, ಸಾಕು.

'ಸ್ಯಾನ್‌ಫರ್ಡ್ ಅಂಡ್ ಸನ್' ಹೆಚ್ಚಾಗಿ ಲಿಯರ್ ಅವರ ಪಾಲುದಾರ ಬಡ್ ಯಾರ್ಕಿನ್ ನೋಡಿಕೊಂಡದ್ದು. ಗುಜರಿ ವ್ಯಾಪಾರದ ಅಪ್ಪ ಮಾತುಮಾತಿಗೆ ಎದೆ ಹಿಡಿದುಕೊಂಡು ಸತ್ತ ಹೆಂಡತಿಯನ್ನು ಕರೆಯುವುದು ಎಷ್ಟು ಸಲ ನೋಡಿದರೂ ನಗು ಬರುತ್ತದೆ. ರೆಡ್ ಫಾಕ್ಸ್ ಅವರ ಟೈಮಿಂಗ್ ಹಾಗಿದೆ. 'ಮೇರಿ ಹಾರ್ಟ್‌ಮನ್, ಮೇರಿ ಹಾರ್ಟ್‌ಮನ್' ವಾರಕ್ಕೆ ಐದು ರಾತ್ರಿ ಬರುತ್ತಿದ್ದ ವಿಚಿತ್ರ ಪ್ರಯೋಗ. ಸಾಹಸ ಮೆಚ್ಚತಕ್ಕದ್ದು, ಮನೆಮಂದಿಯೊಡನೆ ನೋಡಲು ಅದು ಮೊದಲ ಆಯ್ಕೆಯಲ್ಲ.

'ಒನ್ ಡೇ ಅಟ್ ಎ ಟೈಮ್' ಎರಡು ಸಲ ಹುಟ್ಟಿತು. 1975ರದು ಇಂಡಿಯಾನಾಪೊಲಿಸ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ವಿಚ್ಛೇದಿತ ತಾಯಿಯದು. ನಮ್ಮ ಸದಸ್ಯರಿಗೆ ನಾನು ಒತ್ತಿ ಹೇಳುವುದು 2017ರದನ್ನು. ಲಿಯರ್ ಆಗ 94ರ ಹರೆಯದಲ್ಲಿ ಕಾರ್ಯಕಾರಿ ನಿರ್ಮಾಪಕರು. ಈಗ ಕುಟುಂಬ ಲಾಸ್ ಏಂಜಲೀಸ್‌ನ ಕ್ಯೂಬನ್ ಮೂಲದ್ದು: ಸೇನೆಯಿಂದ ಬಂದು ನರ್ಸ್ ಆಗಿರುವ ತಾಯಿ, ಇಬ್ಬರು ಮಕ್ಕಳು, ಪರದೆಯಾಚೆ ಮಲಗುವ ಅಜ್ಜಿ. ಅಜ್ಜಿಯಾಗಿ ರೀಟಾ ಮೊರೆನೊ. ಊರಿನ ದೇವರು, ಊರಿನ ಭಾಷೆ, ಮದುವೆಯ ಮಾತು, ಮೊಮ್ಮಗಳ ಹಟ... ಒಂದೊಂದು ದೃಶ್ಯವೂ ನಮ್ಮ ಯಾವುದೋ ಮನೆಯದೇ ಅನ್ನಿಸುತ್ತದೆ. ಮೊಮ್ಮಗಳು ಎಲೆನಾ ತಾನು ಹೆಣ್ಣುಮಕ್ಕಳನ್ನು ಇಷ್ಟಪಡುವವಳು ಎಂದು ಹೇಳಿದಾಗ ಅಜ್ಜಿ ಮೊದಲು ಧರ್ಮದ ಮಾತು ತೆಗೆದು, ಹಾಗೇ ಜೋರಾಗಿ ತನ್ನಷ್ಟಕ್ಕೆ ವಾದಿಸುತ್ತಾ ಒಂದೇ ಉಸಿರಿನಲ್ಲಿ ಮೊಮ್ಮಗಳ ಪಕ್ಷಕ್ಕೆ ಬಂದು ನಿಲ್ಲುತ್ತಾಳೆ. ತಂದೆ ಮಾತ್ರ ಆ ಪಕ್ಷಕ್ಕೆ ಬರುವುದಿಲ್ಲ. ಮಗಳ ಹದಿನೈದನೇ ಹುಟ್ಟುಹಬ್ಬದ ಸಮಾರಂಭದಲ್ಲಿ ಅಪ್ಪ-ಮಗಳ ನೃತ್ಯದ ಹೊತ್ತಿಗೆ ಅವನು ಎದ್ದು ಹೋಗಿರುತ್ತಾನೆ. ಮೇಜು ಬಿಟ್ಟು ಹೋಗುವವನನ್ನೂ ಲಿಯರ್ ಬಳಗ ತೋರಿಸಿತು, ಹೋದದ್ದರಿಂದ ಆ ಮಗುವಿಗೆ ಆದ ನೋವನ್ನೂ ತೋರಿಸಿತು.

ಮಕ್ಕಳಿರುವ ಮನೆಯವರು ಮೊದಲು ಇದನ್ನು ನೋಡಿ. ಆಮೇಲೆ 1971ಕ್ಕೆ ಹೋಗಿ ಆರ್ಚಿಯನ್ನು ಭೇಟಿ ಮಾಡಿ. ಅವನ ಬಾಯಲ್ಲಿ ಬರುವ ಕೆಲವು ಪದಗಳು ಇಂದು ಕಿವಿಗೆ ಚುಚ್ಚುತ್ತವೆ, ಮಕ್ಕಳಿಗೆ ಮೊದಲೇ ಹೇಳಿ ಕೂರಿಸಿ. ನೋಡಿದ ಮೇಲೆ ನಿಮ್ಮ ಮನೆಯಲ್ಲಿ ಯಾವ ಕಂತಿನ ಬಗ್ಗೆ ವಾದ ಎದ್ದಿತೆಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಎರಡು ಪುಟ ತೆಗೆದಿಟ್ಟಿದ್ದೇವೆ.

— ಸಂಪಾದಕ